ಮೂವತ್ತು ವರ್ಷಗಳ ಯುದ್ಧಕ್ಕೆ ಕಾರಣವೇನು, ಜನ ತೆತ್ತ ಬೆಲೆ ಎಷ್ಟು?

1618ರಿಂದ 1648ರವರೆಗೆ ಮುಖ್ಯವಾಗಿ ಜರ್ಮನ್ ನಾಡುಗಳಲ್ಲಿ ನಡೆದ ಈ ಯುದ್ಧವನ್ನು ಬರೀ ಕ್ರೈಸ್ತರ ಕ್ಯಾಥೊಲಿಕ್–ಪ್ರೊಟೆಸ್ಟಂಟ್ ಪಂಗಡಗಳ ಜಗಳ ಎಂದು ಹೇಳಿ ಮುಗಿಸುವುದು ತಪ್ಪು. ಕಿಡಿ ಹೊತ್ತಿದ್ದು ಧರ್ಮದಿಂದ, ನಿಜ. 1618ರ ಮೇ 23ರಂದು ಬೊಹೀಮಿಯಾದ (ಇಂದಿನ ಚೆಕ್ ಗಣರಾಜ್ಯದ ಭಾಗ) ಪ್ರೊಟೆಸ್ಟಂಟ್ ಮುಖಂಡರು ಪ್ರಾಗ್ ಕೋಟೆಯಲ್ಲಿ ಹ್ಯಾಬ್ಸ್‌ಬರ್ಗ್ ಎಂಬ ಕ್ಯಾಥೊಲಿಕ್ ರಾಜಮನೆತನದ ದೊರೆಯ ಇಬ್ಬರು ಅಧಿಕಾರಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಕಿಟಕಿಯಿಂದ ಹೊರಗೆಸೆದರು. ಮೂವರೂ ಬದುಕಿಕೊಂಡರು. ಆದರೆ 1635ರಲ್ಲಿ ಕ್ಯಾಥೊಲಿಕ್ ಫ್ರಾನ್ಸ್, ಪ್ರೊಟೆಸ್ಟಂಟ್ ಸ್ವೀಡನ್ನಿನ ಜೊತೆ ನಿಂತು ನೇರವಾಗಿ ಕಣಕ್ಕಿಳಿಯಿತು. ಹ್ಯಾಬ್ಸ್‌ಬರ್ಗ್ ಮನೆತನದ ಬಲ ಮುರಿಯುವುದೇ ಅದರ ಗುರಿಯಾಗಿತ್ತು.

ಸೈನಿಕರಿಗೆ ಸಂಬಳ ಸರಿಯಾಗಿ ಸಿಗುತ್ತಿರಲಿಲ್ಲ. ದಂಡು ಹೋದ ದಾರಿಯ ಹಳ್ಳಿಗಳೇ ಅದರ ಹೊಟ್ಟೆ ತುಂಬಿಸಬೇಕಿತ್ತು. ಬಿತ್ತನೆಯ ಕಾಳು, ಉಳುವ ದನ ಎಲ್ಲವೂ ಹೋದ ಮೇಲೆ ಬರ. ಅದರ ಬೆನ್ನಿಗೇ ಪ್ಲೇಗ್. ಕತ್ತಿಗಿಂತ ಹಸಿವು, ರೋಗಗಳಿಗೇ ಹೆಚ್ಚು ಜನ ಬಲಿಯಾದರು. 1631ರ ಮೇ ತಿಂಗಳಲ್ಲಿ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ಸೇನೆ ಜರ್ಮನಿಯ ಪ್ರೊಟೆಸ್ಟಂಟ್ ನಗರ ಮಾಗ್ಡೆಬುರ್ಗನ್ನು ಸೂರೆ ಮಾಡಿದಾಗ ಸುಮಾರು 20,000 ಜನ ಸತ್ತರು. ಹೂಳಲಾಗದ ಹೆಣಗಳನ್ನು ಎಲ್ಬ್ ನದಿಗೆ ಎಸೆದರು. ಒಟ್ಟು ಸಾವು 45ರಿಂದ 80 ಲಕ್ಷ ಎಂಬ ಅಂದಾಜಿದೆ.

ನನ್ನನ್ನು ಹೆಚ್ಚು ಕಾಡುವುದು ಕೊನೆಯ ವರ್ಷಗಳು. ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಸಂಧಾನ ನಡೆಯುತ್ತಿದ್ದಾಗಲೂ ಕದನ ನಿಲ್ಲಲಿಲ್ಲ. 1648ರಲ್ಲಿ ಒಪ್ಪಂದದ ಸುದ್ದಿ ಬಂದಾಗ ಸ್ವೀಡನ್ ಸೇನೆ ಮುತ್ತಿಗೆ ಹಾಕಿದ್ದದ್ದು ಮತ್ತದೇ ಪ್ರಾಗ್ ನಗರಕ್ಕೆ.