ಟ್ಯಾರೋ ನೋಟ್‌ಬುಕ್ಕೂ ಅಪ್ಪನ ಹುಳುವಿನ ಲೆಕ್ಕವೂ

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: “ಭವಿಷ್ಯ ನೋಡಲು ಬಳಸುವ ಟ್ಯಾರೋ ಕಾರ್ಡು, 78 ಚಿತ್ರಗಳ ‘ರೈಡರ್-ವೇಟ್’ ಎಂಬ ಕಟ್ಟು, ತರಿಸಿಕೊಂಡು ಎಂಟು ತಿಂಗಳಿಂದ ಮನೆಯಲ್ಲೇ ಕಲಿಯುತ್ತಿದ್ದೇನೆ. ದಿನಾ ಬೆಳಿಗ್ಗೆ ಒಂದು ಕಾರ್ಡು ತೆಗೆದು ಅದರ ಅರ್ಥ ಬರೆದಿಡುತ್ತೇನೆ. ಎರಡು ನೋಟ್‌ಬುಕ್ ತುಂಬಿದವು. ಆದರೂ ಪುಸ್ತಕ ಮುಚ್ಚಿದರೆ ಒಂದೂ ನೆನಪಿಗೆ ಬರುವುದಿಲ್ಲ. ನಮ್ಮದು ರೇಷ್ಮೆ ಸಾಕುವ ಮನೆ. ಅಪ್ಪನ ಹುಳುವಿನ ಲೆಕ್ಕದ ಪುಸ್ತಕದ ಪಕ್ಕದಲ್ಲೇ ನನ್ನದೂ ಇರುತ್ತದೆ. ಪಕ್ಕದ ಮನೆಯವರಿಗೆ ಕಾರ್ಡು ನೋಡಿ ಹೇಳಿದ್ದನ್ನೂ ಬರೆಯಬಹುದೇ? ‘ಡೆತ್’ ಕಾರ್ಡು ಮನೆಯಲ್ಲಿ ಬೇಡ ಅನ್ನುತ್ತಾರೆ ಅಮ್ಮ. ಏನು ಮಾಡಲಿ?”

ಪ್ರಿಯ ಸೋದರಿ,

ಮೊದಲು ಅಪ್ಪನ ಆ ಲೆಕ್ಕದ ಪುಸ್ತಕ ತೆಗೆದು ಓದಿ. ಸೋದರಮಾವನ ಮನೆಯಲ್ಲಿ ಅಂಥ ಪುಸ್ತಕ ನೋಡುತ್ತಲೇ ಬೆಳೆದವಳು ನಾನು. ಹುಳುವಿಗೆ ನಾಲ್ಕು ಜ್ವರ, ಅಂದರೆ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ ಅನ್ನುವುದು ಸಾಕುವವರಿಗೆಲ್ಲ ಗೊತ್ತು. ಮಾವ ಅದನ್ನು ಎಂದೂ ಬರೆದವರಲ್ಲ. “ಮೂರನೇ ಜ್ವರ. ರಾತ್ರಿ ಚಳಿ. ಬಾಗಿಲ ಕಡೆ ತಟ್ಟೆಯ ಹುಳ ತಡವಾಗಿ ಎದ್ದವು” ಅಂತ ಬರೆಯುತ್ತಿದ್ದರು. ಮುಂದಿನ ಬೆಳೆಗೆ ಆ ಬಾಗಿಲಿಗೆ ಗೋಣಿತಾಟು ಬಿದ್ದಿರುತ್ತಿತ್ತು. ನಿಮ್ಮ ಎರಡು ನೋಟ್‌ಬುಕ್ಕಿನಲ್ಲಿ ಇರುವುದು ‘ಹುಳುವಿಗೆ ನಾಲ್ಕು ಜ್ವರ’ ಅನ್ನುವಂಥ ಮಾತುಗಳು. ಇನ್ನೊಬ್ಬರು ಬರೆದದ್ದನ್ನು ಇಳಿಸಿಕೊಂಡಿದ್ದೀರಿ, ಅದು ಮನಸ್ಸಿನಲ್ಲಿ ನಿಲ್ಲುವುದು ಕಷ್ಟ.

ನಾಳೆಯಿಂದ ಕಾರ್ಡು ತೆಗೆದ ಮೇಲೆ ಅರ್ಥ ಹೇಳುವ ಪುಸ್ತಕ ಮುಟ್ಟಬೇಡಿ. ‘ಫೈವ್ ಆಫ್ ಕಪ್ಸ್’, ಅಂದರೆ ಐದು ಬಟ್ಟಲಿನ ಕಾರ್ಡು, ಬಂತು ಅನ್ನಿ. ಕಪ್ಪು ನಿಲುವಂಗಿಯವನು ತಲೆ ತಗ್ಗಿಸಿ ನಿಂತಿದ್ದಾನೆ, ಮುಂದೆ ಮೂರು ಬಟ್ಟಲು ಉರುಳಿ ಚೆಲ್ಲಿವೆ. ಹಿಂದೆ ಎರಡು ಬಟ್ಟಲು ನೆಟ್ಟಗೇ ಇವೆ. ಆಚೆ ಹೊಳೆ, ಹೊಳೆಗೊಂದು ಸೇತುವೆ. ನಿಮ್ಮ ಕಣ್ಣು ಮೊದಲು ಎಲ್ಲಿ ಬಿತ್ತು? ಅದನ್ನು ಬರೆಯಿರಿ. ಆ ದಿನ ಮನಸ್ಸು ಹೇಗಿತ್ತು, ರಾತ್ರಿ ನಿದ್ದೆ ಬಂದಿತ್ತೇ, ಮನೆಯಲ್ಲಿ ಮಾತಿಗೆ ಮಾತು ಬೆಳೆದಿತ್ತೇ, ಎರಡು ಸಾಲು ಸಾಕು. ಇಷ್ಟಾದ ಮೇಲೆ ಪುಸ್ತಕ ತೆರೆದು, ಅದು ಹೇಳುವುದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಕೆಳಗೆ ಬರೆದುಕೊಳ್ಳಿ. ಇದೇ ಕಾರ್ಡು ನಾಲ್ಕು ಸಲ ಬಂದರೂ ಹಿಂದಿನ ಎರಡು ಬಟ್ಟಲು ನಿಮಗೆ ಕಾಣದೇ ಹೋಗಬಹುದು. ಐದನೇ ಸಲ ಕಂಡರೆ ಆ ತಾರೀಖಿಗೆ ಗೆರೆ ಎಳೆಯಿರಿ. ಇನ್ನು ಆ ಕಾರ್ಡನ್ನು ನೀವು ಮರೆಯುವುದಿಲ್ಲ.

ಹೀಗೆ ನೋಡಿ ಕಲಿಯಲು ಆಗುವುದು ಪಮೇಲಾ ಕೋಲ್ಮನ್ ಸ್ಮಿತ್ ಅವರಿಂದ. 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ ಈ ಕಟ್ಟಿಗೆ ಚಿತ್ರ ಬರೆದವರು ಅವರು. ಹಳೆಯ ಕಟ್ಟುಗಳಲ್ಲಿ ಹೆಚ್ಚಿನವುಗಳ ಅಂಕಿ ಕಾರ್ಡಿನಲ್ಲಿ ಐದು ಅಂದರೆ ಐದು ಬಟ್ಟಲು ಜೋಡಿಸಿರುತ್ತಿತ್ತು, ಅಷ್ಟೇ. ಅಲ್ಲಿ ಮನುಷ್ಯರನ್ನು ತಂದು ನಿಲ್ಲಿಸಿದ ಈ ಕಲಾವಿದೆಯ ಹೆಸರು ಬಹುಕಾಲ ಕಟ್ಟಿನ ಹೆಸರಿನಲ್ಲಿ ಸೇರಲೇ ಇಲ್ಲ. ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಾದರೂ ಬರೆದುಕೊಳ್ಳಿ.

ಪ್ರತಿ ಪುಟದಲ್ಲೂ ಅರ್ಧ ಖಾಲಿ ಬಿಡಿ. ತಿಂಗಳಾದ ಮೇಲೆ ತಿರುಗಿ ಬಂದು, ಅಂದುಕೊಂಡದ್ದು ಏನು, ಆದದ್ದು ಏನು ಅಂತ ತುಂಬಿ. ತಪ್ಪಿದ್ದನ್ನು ಮುಚ್ಚಿಡಬೇಡಿ. ಹೇಳಿದ ಹತ್ತರಲ್ಲಿ ಒಂದು ನಿಜವಾದರೆ ಅದನ್ನೇ ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತೇವೆ, ಉಳಿದ ಒಂಬತ್ತು ಮರೆತೇಹೋಗುತ್ತವೆ. ನಾಳೆ ಆಗುವುದು ಕಾರ್ಡಿಗೆ ಗೊತ್ತಿರುತ್ತದೆ ಎಂದು ನಾನು ನಂಬುವುದಿಲ್ಲ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಇವು ಆಟದ ಎಲೆಗಳಾಗಿದ್ದವು. ಇವು ಈಜಿಪ್ಟಿನ ಪ್ರಾಚೀನ ಜ್ಞಾನ ಎಂಬ ಮಾತು ಶುರುವಾದದ್ದು 1781ರಲ್ಲಿ, ಫ್ರಾನ್ಸಿನ ಕೂರ್ ದ ಜೆಬಲಾಂ ಬರೆದ ಮೇಲೆ, ಅದಕ್ಕೆ ಆಧಾರವಿಲ್ಲ. ಆದರೆ ದಿನಾ ಹತ್ತು ನಿಮಿಷ ಒಂದು ಚಿತ್ರದ ಮುಂದೆ ಕೂತು ನಿಮ್ಮನ್ನೇ ನೀವು ಕೇಳಿಕೊಳ್ಳುತ್ತೀರಲ್ಲ, ಅದರಲ್ಲಿ ನನಗೆ ಪೂರ್ತಿ ನಂಬಿಕೆಯಿದೆ.

ಪಕ್ಕದ ಮನೆಯವರ ವಿಷಯ ಬರೆಯಬೇಡಿ. ನಾನು ಚಿಕ್ಕವಳಿದ್ದಾಗ ಕಣಿ ಹೇಳಲು ಬರುತ್ತಿದ್ದಾಕೆ ಜಗಲಿಯ ಮೇಲೆ ಕೂತು ಎಷ್ಟೋ ಹೆಂಗಸರ ಕಣ್ಣೀರು ನೋಡಿದ್ದಳು. ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಗಲಿಲ್ಲ. ನೋಟ್‌ಬುಕ್ಕಾದರೆ ಯಾರ ಕೈಗಾದರೂ ಸಿಕ್ಕೀತು. ಬಂದ ಕಾರ್ಡು ಯಾವುದು, ನೀವು ಎಲ್ಲಿ ತಡವರಿಸಿದಿರಿ, ಇಷ್ಟು ಸಾಕು; ಹೆಸರು ಬೇಡ. ಕಾಯಿಲೆ ಅಂತ ಕೇಳಿಕೊಂಡು ಬಂದರೆ ಕಾರ್ಡು ಬಿಚ್ಚಲೇಬೇಡಿ, ಡಾಕ್ಟರ ಹತ್ತಿರ ಕಳಿಸಿ.

ಅಮ್ಮನ ಜೊತೆ ವಾದ ಬೇಡ. ಬಿಡುವಾಗಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ಆ ಕಾರ್ಡು ತೋರಿಸಿ. ಬಿಳಿ ಕುದುರೆಯ ಮೇಲೆ ಅಸ್ಥಿಪಂಜರ ಇದೆ, ನಿಜ. ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯನೂ ಇದ್ದಾನೆ. “ನಿನಗೇನು ಕಾಣುತ್ತಮ್ಮಾ?” ಅಂತ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆಗಲೂ ಬೇಡ ಅಂದರೆ ಆ ಒಂದು ಕಾರ್ಡನ್ನು ಕವರಿಗೆ ಹಾಕಿ ಗೆಳತಿಯ ಮನೆಯಲ್ಲಿಡಿ. 77 ಉಳಿಯುತ್ತವೆ. ಕಲಿಯಲು ಧಾರಾಳವಾಯಿತು.

ಸಂಪಾದಕಿ