ಮಲ್ಟಿಕಲರ್ ದಾರದಲ್ಲಿ ಕ್ರಾಸ್ ಸ್ಟಿಚ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: 14 ಕೌಂಟ್ ಐಡಾ ಬಟ್ಟೆಯ (ಇಂಚಿಗೆ 14 ಮನೆ, ಅಂದರೆ ಚೌಕ, ಬರುವಂತೆ ನೇಯ್ದ ಬಟ್ಟೆ) ಮೇಲೆ ನವಿಲು ಹಾಕುತ್ತಿದ್ದೇನೆ. ಗರಿಗೆಂದು ನೀಲಿ-ಹಸಿರು ಮಲ್ಟಿಕಲರ್ ದಾರ ತಂದೆ. ಲಡಿಯಲ್ಲಿ ಅಷ್ಟು ಚೆಂದ ಕಂಡ ಬಣ್ಣ ಬಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕಲಸಿಹೋಗಿದೆ. ದಾರವೇ ಸರಿಯಿಲ್ಲವೇ? (ಬಸವನಗುಡಿ)

ಉತ್ತರ: ದಾರ ಸರಿಯಾಗಿಯೇ ಇದೆ, ಹೊಲಿಯುವ ಕ್ರಮ ಬದಲಾಗಬೇಕು. ಒಂದೇ ಬಣ್ಣದ ದಾರವಾದರೆ ಸಾಲಿನುದ್ದಕ್ಕೂ ಕೆಳಗಿನ ಓರೆ ಹೊಲಿಗೆ ಹಾಕಿಕೊಂಡು ಹೋಗಿ, ವಾಪಸ್ ಬರುವಾಗ ಮೇಲಿನದನ್ನು ಹಾಕುವುದು ರೂಢಿ. ಇಲ್ಲಿ ಹಾಗೆ ಮಾಡಿದರೆ ಹೋಗುವಾಗ ನೀಲಿ ಬಿದ್ದ ಮನೆಯ ಮೇಲೆ ಬರುವಾಗ ಹಸಿರು ಬೀಳುತ್ತದೆ. ಆದ್ದರಿಂದ ಒಂದೊಂದು ಮನೆಯಲ್ಲೂ ಎರಡೂ ಓರೆ ಹೊಲಿಗೆ ಮುಗಿಸಿಯೇ ಮುಂದಿನ ಮನೆಗೆ ಹೋಗಿ. ಧಾರವಾಡ ಕಸೂತಿಯ ಮೆಂತಿ ಹೊಲಿಗೆ ಬಲ್ಲವರಿಗೆ ಈ ಗುಣಾಕಾರದ ಗುರುತು ಹೊಸದೇನಲ್ಲ.

ಎರಡನೆಯ ಕಾರಣ ದಾರ ಪೋಣಿಸುವ ರೀತಿಯಲ್ಲಿರಬಹುದು. ಒಂದು ಎಳೆಯನ್ನು ಮಧ್ಯಕ್ಕೆ ಮಡಚಿ, ಕುಣಿಕೆಯಿಂದ ಶುರುಮಾಡುವ ಅಭ್ಯಾಸ ಹಲವರಿಗಿದೆ. ಮಡಚಿದಾಗ ದಾರದ ಎರಡು ತುದಿಗಳು ಜೊತೆಯಾಗುತ್ತವೆ. ಒಂದು ತುದಿ ಕಡುನೀಲಿ, ಇನ್ನೊಂದು ತಿಳಿಹಸಿರು ಆಗಿದ್ದರೆ ಎರಡೂ ಒಂದೇ ಮನೆಯಲ್ಲಿ ಬೀಳುತ್ತವೆ. ಬದಲಿಗೆ 45 ಸೆಂ.ಮೀ. ಕತ್ತರಿಸಿ, ಆರು ಎಳೆಗಳಲ್ಲಿ ಎರಡನ್ನು ಒಂದೊಂದಾಗಿ ಎಳೆದು ತೆಗೆಯಿರಿ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿ, ನೀಲಿಯ ಪಕ್ಕದಲ್ಲಿ ನೀಲಿ, ಹಸಿರಿನ ಪಕ್ಕದಲ್ಲಿ ಹಸಿರು ಬಂದಿದೆಯೇ ನೋಡಿ, ಆಮೇಲೆ ಪೋಣಿಸಿ. ಶುರುವಿನ ಗಂಟನ್ನು ಬಟ್ಟೆಯ ಮುಂಬದಿಯಲ್ಲೇ, ಮೊದಲ ಮನೆಯಿಂದ ಐದಾರು ಸೆಂ.ಮೀ. ದೂರದಲ್ಲಿ, ಹೊಲಿಗೆ ಸಾಗುವ ದಿಕ್ಕಿನಲ್ಲೇ ಹಾಕಿ. ಹೊಲಿಗೆ ಗಂಟಿನ ಹತ್ತಿರ ಬರುವಷ್ಟರಲ್ಲಿ ಹಿಂದಿನ ದಾರ ಭದ್ರವಾಗಿರುತ್ತದೆ, ಗಂಟನ್ನು ಕತ್ತರಿಸಿಬಿಡಿ.

ಇನ್ನು ಲೆಕ್ಕ. 14 ಕೌಂಟ್‌ನಲ್ಲಿ ಒಂದು ಪೂರ್ತಿ ಹೊಲಿಗೆಗೆ ಹಿಂಬದಿಯೂ ಸೇರಿ ಸುಮಾರು 1 ಸೆಂ.ಮೀ. ದಾರ ಬೇಕು. ಲಡಿಯಿಂದ ಒಂದಷ್ಟು ದಾರ ಬಿಡಿಸಿ ಸ್ಕೇಲಿನ ಪಕ್ಕ ಹಿಡಿಯಿರಿ. ನೀಲಿ 8 ಸೆಂ.ಮೀ. ಇದ್ದರೆ ಎಂಟು ಮನೆ ನೀಲಿ ಬರುತ್ತದೆ, ಅಷ್ಟೇ. ಗರಿಯ ಅಗಲ ಮೂರೇ ಮನೆಯಾಗಿದ್ದರೆ ಅಡ್ಡ ಸಾಲಿನಲ್ಲಿ ಹೊಲಿಯಬೇಡಿ, ಪಟ್ಟೆ ಪಟ್ಟೆಯಾಗುತ್ತದೆ. ಗರಿ ಬೆಳೆದ ದಿಕ್ಕಿನಲ್ಲೇ ಬುಡದಿಂದ ತುದಿಗೆ ಹೊಲಿಯಿರಿ. ಎಲೆಗೂ ಇದೇ ಮಾತು.

ದಾರ ಮುಗಿದಾಗ ಹೊಸದನ್ನು ಹೇಗೆಂದರೆ ಹಾಗೆ ಸೇರಿಸಬಾರದು. ಹಳೆಯದು ಯಾವ ಬಣ್ಣದಲ್ಲಿ ನಿಂತಿತೋ ಹೊಸದು ಅಲ್ಲಿಂದಲೇ ಶುರುವಾಗುವಂತೆ ತುದಿ ಕತ್ತರಿಸಿಕೊಳ್ಳಿ. ಒಂದಷ್ಟು ದಾರ ವ್ಯರ್ಥವಾಗುತ್ತದೆ, ಅದಕ್ಕೆ ಬೇಸರ ಪಡಬೇಡಿ. ಆಗಲೇ ಹಾಕಿದ ಭಾಗ ಚಿಕ್ಕದಾಗಿದ್ದರೆ ಬಿಚ್ಚಿ ಮತ್ತೆ ಹಾಕುವುದೇ ಒಳ್ಳೆಯದು.

ಪ್ರಶ್ನೆ: ಅಂಗಡಿಯಲ್ಲಿ ಮಲ್ಟಿಕಲರ್ ದಾರ ಹೇಗೆ ಆರಿಸಬೇಕು? ಎಷ್ಟು ಲಡಿ ಬೇಕಾಗುತ್ತದೆ? (ಮಲ್ಲೇಶ್ವರ)

ಉತ್ತರ: ಮೊದಲು ಎರಡು ಬಗೆ ಗುರುತಿಸಿ. ಒಂದೇ ಬಣ್ಣ ಕಡುವಿನಿಂದ ತಿಳಿಗೆ ಹೋಗುವುದು ಒಂದು, ಬೇರೆ ಬೇರೆ ಬಣ್ಣಗಳು ಬರುವುದು ಇನ್ನೊಂದು. ಡಿಎಂಸಿ ಕಂಪನಿಯ ದಾರಗಳಲ್ಲಿ ನಂಬರ್ 48 (ಗುಲಾಬಿ), 92 (ಹಸಿರು), 93 (ನೀಲಿ) ಮೊದಲ ಬಗೆಯವು. 4000ದ ಮೇಲಿನ ಕಲರ್ ವೇರಿಯೇಷನ್ಸ್ ಸಾಲಿನಲ್ಲಿ ಬಣ್ಣಗಳೇ ಬದಲಾಗುತ್ತವೆ. ಮೊದಲ ಸಲ ಹಾಕುವವರು ಮೊದಲ ಬಗೆಯನ್ನೇ ಕೊಳ್ಳಿ, ಅದರಲ್ಲಿ ತಪ್ಪು ಎದ್ದು ಕಾಣುವುದಿಲ್ಲ.

ಚಿಕ್ಕಪೇಟೆಯ ಒಳ ಅಂಗಡಿಗಳಲ್ಲಿ ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನಂಬಬೇಡಿ. ಲಡಿಯನ್ನು ಬಾಗಿಲ ಬೆಳಕಿಗೆ ತಂದು, ನಿಮ್ಮ ಬಟ್ಟೆಯ ತುಂಡಿನ ಮೇಲಿಟ್ಟು, ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ. ದಾರದ ತಿಳಿ ಭಾಗ ಬಟ್ಟೆಯಲ್ಲಿ ಕರಗಿಹೋದರೆ ಚಿತ್ರದ ಅಂಚು ಅಲ್ಲಲ್ಲಿ ಮಾಯವಾಗುತ್ತದೆ, ಆ ದಾರ ಬೇಡ.

8 ಮೀಟರಿನ ಲಡಿಯಲ್ಲಿ ಆರು ಎಳೆ. ಎರಡೆರಡರಂತೆ ಬಳಸಿದರೆ ಒಟ್ಟು 24 ಮೀಟರ್, ಅಂದರೆ ಲೆಕ್ಕಕ್ಕೆ 2,400 ಹೊಲಿಗೆ. ತುದಿ ಕಟ್ಟಲು, ಬಣ್ಣ ಹೊಂದಿಸಲು ಹೋಗುವುದನ್ನು ಕಳೆದು 1,300 ಎಂದು ಹಿಡಿಯಿರಿ. ಬೇಕಾದಷ್ಟನ್ನೂ ಒಂದೇ ಸಲ ಕೊಳ್ಳಿ, ಬಣ್ಣದ ಬ್ಯಾಚ್ ಬದಲಾದರೆ ನಂಬರ್ ಒಂದೇ ಇದ್ದರೂ ಛಾಯೆ ಬೇರೆಯಾಗಬಹುದು.

ಅಕ್ಷರ, ಮುಖ, ಕಣ್ಣಿಗೆ ಈ ದಾರ ಬೇಡವೇ ಬೇಡ. ಹತ್ತು ಮನೆಯ ಪುಟ್ಟ ಹೂವಿಗೂ ಇದರಿಂದ ಲಾಭವಿಲ್ಲ, ಒಂದೇ ಬಣ್ಣ ಕಾಣುತ್ತದೆ. ತುಂಬಾ ಗಾಢವೆನಿಸಿದರೆ ಮಲ್ಟಿಕಲರಿನ ಒಂದು ಎಳೆಗೆ ಸಾದಾ ಬಣ್ಣದ ಒಂದು ಎಳೆ ಸೇರಿಸಿ ಹೊಲಿಯಿರಿ.

ಪ್ರಶ್ನೆ: ಕೆಂಪು ಛಾಯೆಯ ದಾರ ಒಗೆದಾಗ ಬಿಳಿ ಬಟ್ಟೆಗೆ ಬಣ್ಣ ಬಿಟ್ಟಿತು. ಈಗೇನು ಮಾಡಲಿ? (ಜಯನಗರ)

ಉತ್ತರ: ಬಟ್ಟೆ ಇನ್ನೂ ಒದ್ದೆಯಿದ್ದರೆ ಒಣಗಲು ಬಿಡಬೇಡಿ, ಇಸ್ತ್ರಿಯನ್ನಂತೂ ಮುಟ್ಟಿಸಲೇಬೇಡಿ. ಶಾಖ ತಗುಲಿದರೆ ಕಲೆ ಗಟ್ಟಿಯಾಗಿ ಕೂರುತ್ತದೆ. ತಣ್ಣೀರಿನಲ್ಲಿ ಮುಳುಗಿಸಿ, ನೀರಿಗೆ ಬಣ್ಣ ಬರುವುದು ನಿಲ್ಲುವವರೆಗೂ ಮತ್ತೆ ಮತ್ತೆ ನೀರು ಬದಲಿಸಿ. ಹಿಂಡಬೇಡಿ. ಬಿಳಿ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರಡಿ. ಪೂರ್ತಿ ಹೋಗುವ ಖಾತ್ರಿಯಿಲ್ಲ, ಬೇಗ ಶುರುಮಾಡಿದಷ್ಟೂ ಹೆಚ್ಚು ಹೋಗುತ್ತದೆ.

ಮುಂದಿನ ಸಲ ಹೊಲಿಯುವ ಮೊದಲೇ ದಾರದ ತುಂಡನ್ನು ಒದ್ದೆ ಬಿಳಿ ಬಟ್ಟೆಯ ನಡುವೆ ಹತ್ತು ನಿಮಿಷ ಒತ್ತಿಡಿ, ಕಡು ಭಾಗವೂ ಆ ತುಂಡಿನಲ್ಲಿರಲಿ. ಕೈಯಲ್ಲಿ ಬಣ್ಣ ಹಾಕಿದ ದಾರಕ್ಕೆ ಈ ಪರೀಕ್ಷೆ ತಪ್ಪಿಸಲೇಬೇಡಿ.