ಕತ್ತರಿ ಹಿಡಿದಾಗ ಫೋನ್ ಬೇಡ

ಹಾಸನದ ಓದುಗರೊಬ್ಬರ ಪತ್ರ: ‘ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮದುವೆ ಸೀಸನ್ ಬಂತೆಂದರೆ ವಾಟ್ಸ್‌ಆ್ಯಪ್ ಬಾಯಿ ಮುಚ್ಚುವುದಿಲ್ಲ. ಯಾವುದನ್ನು ಮೊದಲು ಹಿಡಿಯಲಿ ಎಂದೇ ತೋಚುವುದಿಲ್ಲ. ಮೊನ್ನೆ ಫೋನಿನಲ್ಲಿ ಮಾತಾಡುತ್ತಾ ರೇಷ್ಮೆ ಬಟ್ಟೆಯಲ್ಲಿ ಎರಡೂ ತೋಳನ್ನು ಒಂದೇ ಕೈಗೆ ಕತ್ತರಿಸಿಬಿಟ್ಟೆ. ಏಕಾಗ್ರತೆಗೆ ಏನು ಮಾಡಲಿ?’

ಸಂಪಾದಕರ ಉತ್ತರ:

ಇಡೀ ದಿನ ಏಕಾಗ್ರತೆ ಯಾರಿಗೂ ಇರುವುದಿಲ್ಲ, ನಿಮಗದು ಬೇಕಾಗಿಯೂ ಇಲ್ಲ. ಹುಕ್ಸ್, ಹೆಮ್ಮಿಂಗ್ ಮಾಡುವಾಗ ಧಾರಾಳವಾಗಿ ಮಾತಾಡಿ. ತಪ್ಪಿದರೆ ಬಿಚ್ಚಿ ಹಾಕಬಹುದು. ಕತ್ತರಿಸಿದ ಬಟ್ಟೆಗೆ ಆ ಅವಕಾಶವಿಲ್ಲ. ಆದ್ದರಿಂದ ಕಟಿಂಗನ್ನೆಲ್ಲ ಬೆಳಗಿನ ಒಂದೇ ಹೊತ್ತಿಗೆ ಸೇರಿಸಿ.

ನಿಮ್ಮ ತೋಳಿನ ತಪ್ಪನ್ನೇ ನೋಡಿ. ತೋಳಿನ ಮುಂಭಾಗದ ತಗ್ಗು ಹಿಂಭಾಗಕ್ಕಿಂತ ಹೆಚ್ಚು. ಬಟ್ಟೆ ಸಾಲದೆ ಒಂದೊಂದಾಗಿ ಕತ್ತರಿಸುವಾಗ ಎರಡನೆಯದಕ್ಕೆ ಪ್ಯಾಟರ್ನ್ (ಅಳತೆಗೆ ಕತ್ತರಿಸಿಟ್ಟ ಕಾಗದ) ಮಗುಚಿ ಹಾಕಬೇಕು. ಫೋನ್ ಬಂದರೆ ಮರೆತುಹೋಗುವುದು ಆ ಮಗುಚುವಿಕೆಯೇ. ಜರಿ ಬಟ್ಟೆಗೆ ಒಳಮೈ ಹೊರಮೈ ಬೇರೆಯಾದ್ದರಿಂದ ತಿರುಗಿಸಿ ಬಳಸಲೂ ಆಗದು. ಇನ್ನು ಮುಂದೆ ಮೊದಲ ತೋಳನ್ನೇ ಉಳಿದ ಬಟ್ಟೆಯ ಮೇಲೆ ಹೊರಮೈಗೆ ಹೊರಮೈ ತಾಗುವಂತೆ ಹಾಸಿ, ಅದರ ಅಂಚು ಹಿಡಿದು ಎರಡನೆಯದನ್ನು ಕತ್ತರಿಸಿ. ಒಳಮೈಯಲ್ಲಿ ಚಾಕ್‌ಪೀಸ್‌ನಿಂದ ‘ಎಡ’, ‘ಬಲ’ ಎಂದು ಬರೆದಿಡಿ.

25 ನಿಮಿಷ ಕೆಲಸ, 5 ನಿಮಿಷ ವಿರಾಮ ಎಂಬ ಪೊಮೊಡೊರೊ ಪದ್ಧತಿಯನ್ನು ಹಲವರು ಹೇಳುತ್ತಾರೆ. ಓದುವವರಿಗೆ ಸರಿ. ಕತ್ತರಿಗೆ ಹೊಂದದು, ಗಂಟೆ ಬಾರಿಸುವ ಹೊತ್ತಿಗೆ ಬಟ್ಟೆ ಅರ್ಧ ಸೀಳಿರುತ್ತದೆ. ಒಂದು ಸಲ ಕೂತರೆ ಮೂರು ಬ್ಲೌಸ್, ಲೈನಿಂಗ್ ಸಮೇತ, ಎಂದು ಲೆಕ್ಕವಿಟ್ಟುಕೊಳ್ಳಿ.

ಆ ಹೊತ್ತಿಗೆ ಫೋನ್ ‘ಡು ನಾಟ್ ಡಿಸ್ಟರ್ಬ್’ನಲ್ಲಿರಲಿ. ಮಕ್ಕಳ ಶಾಲೆಯ ನಂಬರನ್ನು ಅದರಲ್ಲಿ ವಿನಾಯಿತಿಗೆ ಸೇರಿಸಿ. ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಬೇರೆ ಆ್ಯಪ್‌ನಲ್ಲಿ ತಾನಾಗಿ ಉತ್ತರ ಕಳಿಸುವ ‘ಅವೇ ಮೆಸೇಜ್’ ಇದೆ: ‘ಮಧ್ಯಾಹ್ನ ಒಂದು ಗಂಟೆಗೆ ಉತ್ತರಿಸುತ್ತೇನೆ’ ಎಂದು ಬರೆದು ಸಮಯ ಹೊಂದಿಸಿ. ನೆಟ್ ಆಫ್ ಮಾಡಿದರೆ ಮಾತ್ರ ಆ ಸಂದೇಶ ಹೋಗುವುದಿಲ್ಲ. ಹಲವರು ಎಡವುವುದು ಇಲ್ಲೇ.

ಇನ್ನು ಯಾವುದು ಮೊದಲು? ಡೆಲಿವರಿ ತಾರೀಖಿನ ಸಾಲು ಸಾಲದು. ಬೇರೆಯವರ ಕೈಗೆ ಹೋಗಬೇಕಾದದ್ದು ಮೊದಲು: ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಇರುವ ಬ್ಲೌಸ್, ಕುಚ್ಚು ಕಟ್ಟಿಸಬೇಕಾದ ಸೀರೆ. ಅವುಗಳ ತಾರೀಖು ದೂರವಿದ್ದರೂ ಇಂದೇ ಕಳಿಸಿ. ಎರಡನೆಯದು ತಾನಾಗಿ ಕಾಯಬೇಕಾದದ್ದು: ನಾಳೆ ಕತ್ತರಿಸುವ ಕಾಟನ್ ಲೈನಿಂಗನ್ನು ಇಂದು ರಾತ್ರಿಯೇ ನೆನೆಹಾಕಿ ಒಣಗಿಸಿ, ಬೆಳಿಗ್ಗೆ ಇಸ್ತ್ರಿ ಮಾಡಿ. ಇಲ್ಲವಾದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಮೇಲಿನ ಬಟ್ಟೆ ಸುಕ್ಕಾಗುತ್ತದೆ. ಉಳಿದವಕ್ಕೆ ತಾರೀಖು, ಅದೂ ಟ್ರಯಲ್‌ಗೆ ಎರಡು ದಿನ ಹಿಂದಕ್ಕೆ ಎಣಿಸಿ, ಚೀಟಿ ಬರೆದು ಕವರಿಗೆ ಪಿನ್ ಮಾಡಿ. ‘ನಾಳೆಗೇ ಬೇಕು’ ಎನ್ನುವವರಿಗೆ ದಿನಕ್ಕೊಂದೇ ಜಾಗ. ಅದು ತುಂಬಿದ ಮೇಲೆ ಬಂದವರು ಎಷ್ಟೇ ಜೋರು ಮಾಡಲಿ, ಒಪ್ಪಿಕೊಳ್ಳಬೇಡಿ.

ಕೆಟ್ಟ ರೇಷ್ಮೆಯ ಸಂಗತಿ ಗಿರಾಕಿಗೆ ಇಂದೇ ತಿಳಿಸಿ. ಸೀರೆಗೆ ಫಾಲ್ ಹಾಕಿಲ್ಲದಿದ್ದರೆ, ಬಣ್ಣ ಹೊಂದುವುದಾದರೆ, ಸೆರಗಿನ ಎದುರು ತುದಿಯಿಂದ ಒಂದಡಿ ತೆಗೆದು ತೋಳು ಮಾಡಬಹುದೇ ಎಂದು ಕೇಳಿ. ಮದುವೆಯ ಹಿಂದಿನ ದಿನ ಕೇಳಿದರೆ ಒಪ್ಪುವವರು ಕಡಿಮೆ.